ಶಶಿರೇಖಾ ಮಾಡಬೇಕಿದ್ದ ಕೆಲಸ

ಚಿತ್ರಾ,

ಇದನ್ನು ನಿನಗೆ ಕಳಿಸುವುದಿಲ್ಲ. ನಾವಿಬ್ಬರೂ ಹೈಸ್ಕೂಲಿನಲ್ಲಿ ಶುರು ಮಾಡಿದ, ನನ್ನ ಮೇಲೆ ಮುನಿಸಿಕೊಂಡು ನೀನು ಬಿಟ್ಟ ಕಂಪ್ಯೂಟರ್ ಕ್ಲಬ್ಬಿಗೆ ಇವತ್ತು ಚಳ್ಳಕೆರೆಯಲ್ಲಿ ಬಹುಮಾನ ಬಂತು.

ನಮ್ಮ ಕ್ಲಬ್ಬಿನ ಶಶಿರೇಖಾಗೆ ಕಣ್ಣು ಕಾಣದಿದ್ದರೂ, ಪರದೆಯಲ್ಲಿರುವುದನ್ನು ಕಂಪ್ಯೂಟರ್ ಓದಿ ಹೇಳಿದರೆ ಸರಾಗವಾಗಿ ಟೈಪ್ ಮಾಡುತ್ತಾಳಲ್ಲ, ಅದನ್ನೇ ಅಲ್ಲಿನ ಸ್ಪರ್ಧೆಯಲ್ಲಿ ತೋರಿಸಲು ಹೋಗಿದ್ದೆವು. ಅವಳು ಆರಂಭಿಸುತ್ತಿದ್ದಂತೆ ವೇದಿಕೆಯಲ್ಲಿ ಭಾಷಣ ಶುರುವಾಯಿತು. ಸಂಘಟಕರೊಬ್ಬರು ಓಡಿ ಬಂದು ನಮ್ಮ ಕಂಪ್ಯೂಟರಿನ ಸ್ಪೀಕರ್ ವೈರ್ ಕಿತ್ತರು.

"ಸಾಹೇಬ್ರು ಮಾತಾಡ್ತಾ ಅವ್ರೆ, ಸೌಂಡ್ ಬ್ಯಾಡ ಕಣಮ್ಮ."

"ಸೌಂಡ್ ಇಲ್ದಿದ್ರೆ ಅವಳಿಗೆ ಏನೂ ಗೊತ್ತಾಗಲ್ಲ ಸಾರ್."

"ಹಂಗಾದ್ರೆ ನೀನೇ ಮಾಡಿ ತೋರ್ಸು. ಅವಳು ಪಕ್ಕದಾಗೆ ನಿಂತ್ಕಳ್ಲಿ, ಫೋಟೋಕ್ಕೆ ಚೆನ್ನಾಗಿರ್ತೈತೆ."

ಹೆಡ್‌ಫೋನ್ ಇದ್ದಿದ್ದರೆ ಸಾಕಿತ್ತು. ಅದನ್ನು ಮರೆಯದೆ ಚೀಲಕ್ಕೆ ಹಾಕುತ್ತಿದ್ದವಳು ನೀನು. ತೀರ್ಪುಗಾರರು ಕಾಯುತ್ತಿದ್ದರು. ಅವಳನ್ನು ಕುರ್ಚಿಯಿಂದ ಎಬ್ಬಿಸಿ, ನಾನೇ ಟೈಪ್ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸ್ ಮೊಳಕಾಲ್ಮೂರಿಗೆ ಬಂದು ಬಸ್ಸಿನಿಂದ ಇಳಿಯುವಾಗ ಅವಳನ್ನು ಕೇಳಿದೆ, "ಸೋಮವಾರ ಕ್ಲಬ್ಬಿಗೆ ಬರ್ತೀಯಲ್ಲ?"

"ಚಿತ್ರಕ್ಕ ಬಂದ್ರೆ ಹೇಳ್ರಿ," ಎಂದಳು. "ಬರ್ತೀನಿ."