ವಾರಕ್ಕೊಂದು ಮಾತ್ರೆ

ಡಾಕ್ಟರಿಗೆ ಎದುರಿನ ಔಷಧಿ ಅಂಗಡಿಯವಳ ನಮಸ್ಕಾರ.

ಕೀಲುನೋವಿಗೆ ನೀವು ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದ ಟೈಲರ್ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಆ ಮಾತ್ರೆ ಮೈಗೆ ಹೆಚ್ಚಾಗಿ ಎದ್ದಿದ್ದ ಬಾಯಿಹುಣ್ಣು ವಾಸಿಯಾಗಿದೆ, ರಕ್ತಪರೀಕ್ಷೆಯೂ ಸರಿಯಿದೆ.

ತಪ್ಪು ನನ್ನದು. ಕವರಿನ ಮೇಲೆ ‘ಒಂದು’ ಎಂದಷ್ಟೇ ಬರೆದಿದ್ದೆ. ತಿಂಗಳಿಗೆಂದು ಕೊಟ್ಟ ನಾಲ್ಕು ಮಾತ್ರೆ ಮುಗಿಸಿ ಐದನೇ ದಿನವೇ ಅವರು ಮತ್ತೆ ಮಾತ್ರೆ ಕೇಳಿಕೊಂಡು ಬಂದರು.

“ಅಜ್ಜಿ, ದಿನಾ ತಗೊಂಡ್ರಾ?”

“ಮತ್ತೆ? ಮಾತ್ರೆ ಅಂದ್ಮೇಲೆ ದಿನಾ ತಾನೇ ನುಂಗೋದು?”

ಅಂಗಡಿ ಬಾಗಿಲೆಳೆದು ನಾನೇ ಆಸ್ಪತ್ರೆಗೆ ಕರೆದೊಯ್ದೆ. ಆಮೇಲೆ ನಿಜ ಹೇಳಿ ಕ್ಷಮೆ ಕೇಳಿದೆ. “ನಾನೂ ಅಳತೆ ತಪ್ಪಿ ಎಷ್ಟು ಬಟ್ಟೆ ಕೆಡಿಸಿದೀನೋ, ಬಿಡಮ್ಮ. ಇನ್ಮೇಲೆ ಬಾಯ್ಬಿಟ್ಟು ಹೇಳು” ಎಂದರು.

ಈಗ ಇಂಥ ಮಾತ್ರೆಯ ಕವರಿನ ಮೇಲೆ ‘ಸೋಮವಾರ ಮಾತ್ರ, ದಿನಾ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದು, ಓದಿಯೂ ಹೇಳುತ್ತೇನೆ. ನಿಮ್ಮ ಚೀಟಿಯಲ್ಲೂ ಯಾವ ದಿನ ಎಂಬುದು ಇರಲಿ ಎಂದು ವಿನಂತಿ.

ಸಂಜೆ ಹೊತ್ತು ಅಜ್ಜಿ ಅಂಗಡಿಗೆ ಬಂದು, ಔಷಧಿ ಕೊಂಡವರನ್ನೆಲ್ಲ ನಿಲ್ಲಿಸಿ, “ಹೇಗೆ ತಗೋಬೇಕು, ಹೇಳಿ ನೋಡೋಣ” ಎನ್ನುತ್ತಾರೆ. ತಡವರಿಸಿದವರನ್ನು ವಾಪಸ್ ನನ್ನ ಹತ್ತಿರ ಅಟ್ಟುತ್ತಾರೆ. ಅವರಿಗೊಂದು ಕುರ್ಚಿ ಹಾಕಿಸಿದ್ದೇನೆ.

ಇಂತಿ,
ನಿಮ್ಮ ಎದುರಂಗಡಿಯವಳು