ಜಗಲಿಯ ಮೇಲೆ ಕೂತು ಕೇಳಿದ ಪ್ರಶ್ನೆ

ದುದ್ದ ಹೋಬಳಿ,
ಮೇ 1958

ಗೇಣಿ ವಿಚಾರಣೆಗೆಂದು ನಮ್ಮೂರಿಗೆ ಬಂದು, ಊಟ ಮುಗಿಸಿ ಹೋದ ಅಧಿಕಾರಿಗಳೇ,

ತಾವು ಚಲುವಯ್ಯನನ್ನು ‘ಒಕ್ಕಲಲ್ಲ, ಕೂಲಿಯಾಳು’ ಎಂದು ಬರೆದುಕೊಂಡು ಹೋದಿರಿ. ಅದು ಸುಳ್ಳು. ನಂಜಪ್ಪನವರ ಎರಡು ಎಕರೆ ಹೊಲವನ್ನು ಅವನು ಇಪ್ಪತ್ತೆರಡು ವರ್ಷ ವಾರಕ್ಕೆ, ಅಂದರೆ ಅರ್ಧ ಪಾಲಿಗೆ, ಉತ್ತಿದ್ದಾನೆ. ಬೀಜ ಅವನದು, ಎತ್ತು ಅವನದು, ಕಣದಲ್ಲಿ ರಾಶಿಯಾದ ರಾಗಿಯಲ್ಲಿ ಅರ್ಧ ನಂಜಪ್ಪನವರದು. ಊರಿಗೆಲ್ಲ ಗೊತ್ತಿರುವ ಈ ಸಂಗತಿ ಗೊತ್ತಿಲ್ಲದಿರುವುದು ಸರ್ಕಾರಕ್ಕೆ ಮಾತ್ರ.

ಒಕ್ಕಲನ್ನು ಮನಬಂದಂತೆ ಎಬ್ಬಿಸುವ ಹಾಗಿಲ್ಲ ಎಂಬ ಕಾನೂನು ಬಂದು ಆರು ವರ್ಷವಾಯಿತು. ಅದನ್ನು ಒಕ್ಕಲಿಗಿಂತ ಮೊದಲು ಓದಿಕೊಂಡವರು ಜಮೀನಿನವರು. ಅರಕಲಗೂಡಿನ ಕಡೆ ಒಬ್ಬನನ್ನು ಒಂದೇ ಹೊಲದಲ್ಲಿ ಎರಡು ವರ್ಷ ನಿಲ್ಲಗೊಡುತ್ತಿಲ್ಲವಂತೆ. ಚನ್ನರಾಯಪಟ್ಟಣದ ಕಡೆ ಸಾಗುವಳಿಯೆಲ್ಲ ಮನೆಯ ಅಳಿಯಂದಿರ ಹೆಸರಿಗೆ ಹೋಗಿದೆಯಂತೆ. ನಮ್ಮೂರಿನಲ್ಲಿ ಅಷ್ಟು ಕಷ್ಟವೇ ಬೇಕಾಗಲಿಲ್ಲ. ತಾವೇ ಬಂದಿರಲ್ಲ!

ವಿಚಾರಣೆ ನಡೆದದ್ದೆಲ್ಲಿ? ನಂಜಪ್ಪನವರ ಜಗಲಿಯ ಮೇಲೆ. ತಾವು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಎಳನೀರು ಕುಡಿಯುತ್ತಿದ್ದಿರಿ. ಆ ಜಗಲಿ ಹತ್ತುವ ಜಾತಿ ಚಲುವಯ್ಯನದಲ್ಲ. ಹೆಗಲ ಟವಲನ್ನು ಸೊಂಟಕ್ಕೆ ಸುತ್ತಿ ಅಂಗಳದ ಬಿಸಿಲಲ್ಲಿ ನಿಂತಿದ್ದ. “ನೀನು ಇವರ ಒಕ್ಕಲೇನಯ್ಯ?” ಎಂದು ತಾವು ಕೇಳಿದಿರಿ. ನಂಜಪ್ಪನವರು ಗದರಲಿಲ್ಲ, ನಕ್ಕರು.

“ಏನ್ಲಾ ಚಲುವ, ನಾನು ನಿಂಗೆ ಬ್ಯಾರೆಯವನೇನ್ಲಾ?”

“ಎಲ್ಲಾದ್ರೂ ಉಂಟಾ ಬುದ್ಧಿ? ನಾನು ತಮ್ಮನೆ ಆಳು ಕಣ್ ಬುದ್ಧಿ. ಒಲಾನೂ ತಮ್ದೇ, ನಾನೂ ತಮ್ಮೋನೇ.”

ನಮ್ಮಲ್ಲಿ ದೊಡ್ಡವರ ಅಂಗಳದಲ್ಲಿ ನಿಂತವನು ಹೀಗೇ ಹೇಳಬೇಕು. ಕಣಕ್ಕೆ ಬಂದ ಯಜಮಾನರೆದುರು ‘ರಾಶಿಯೆಲ್ಲ ತಮ್ಮದೇ ಬುದ್ಧಿ’ ಎಂದು ಕೈಮುಗಿದು, ಆಮೇಲೆ ಅರ್ಧ ಅಳೆದುಕೊಳ್ಳುವುದು ಇಲ್ಲಿನ ರೂಢಿ. ತಾವು ಆ ಮರ್ಯಾದೆಯ ಮಾತನ್ನು ಹೇಳಿಕೆ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಅವನ ಹೆಂಡತಿ ಮಾರಮ್ಮ ಏನೋ ಹೇಳಲು ಮುಂದೆ ಬಂದಳು. ಹೆಂಗಸಿನ ಹೇಳಿಕೆ ಬೇಕಿಲ್ಲ ಎಂದಿರಿ. ಆ ಹೊಲದ ಕಲ್ಲುಗಳನ್ನೆಲ್ಲ ಆಯ್ದು ಬದುವಿಗೆ ಪೇರಿಸಿದವಳು ಅವಳು. ಅಲ್ಲಿಗೆ ಹೋಗಿದ್ದರೆ ಆ ಕಲ್ಲುಗಳಾದರೂ ಕಾಣುತ್ತಿದ್ದವು. ಅರ್ಧ ಮೈಲಿ ನಡೆಯುವುದಕ್ಕೆ ಸರ್ಕಾರಿ ಚಪ್ಪಲಿ ಅಷ್ಟು ಸವೆಯುತ್ತಿತ್ತೇ?

ತಮ್ಮನ್ನೊಬ್ಬರನ್ನೇ ಬೈದರೆ ನನಗೂ ನಾಚಿಕೆ. ತನ್ನನ್ನು ಒಕ್ಕಲೆಂದು ದಾಖಲಿಸಿ ಎಂಬ ಅವನ ಅರ್ಜಿ ಬರೆದುಕೊಟ್ಟವನು ನಾನು. ವಿಚಾರಣೆಯ ಬೆಳಿಗ್ಗೆ ಅವನನ್ನು ಪಕ್ಕಕ್ಕೆ ಕರೆದು, “ಸಾಹೇಬರ ಮುಂದೆ ಮರ್ಯಾದೆಯಾಗಿ ಮಾತಾಡು, ನಂಜಪ್ಪನವರ ಮನಸ್ಸು ನೋಯಿಸಬೇಡ” ಎಂದು ಹೇಳಿಕೊಟ್ಟವನೂ ನಾನೇ. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಚಲುವಯ್ಯ ಒಳ್ಳೆಯ ವಿದ್ಯಾರ್ಥಿ.

ತಾವು ಬಂದು ಹೋದ ಮೇಲೆ, ಈ ಯುಗಾದಿಯಂದು ಮೊದಲ ಉಳುಮೆಗೆ ಅವನು ಎತ್ತಿಗೆ ಅರಿಸಿನ ಕುಂಕುಮ ಇಟ್ಟು ಹೊಲಕ್ಕೆ ಹೋದರೆ, ಅಲ್ಲಿ ಬೇರೆಯವರ ನೇಗಿಲು ಆಗಲೇ ನಾಲ್ಕು ಸಾಲು ಎಳೆದಾಗಿತ್ತು. ಅವನು ಎತ್ತು ತಿರುಗಿಸಿಕೊಂಡು ಬಂದ. ನನ್ನ ಬಳಿಗೆ ಬಂದವಳು ಮಾರಮ್ಮ. “ಒಲದಾಗೆ ನಿಲ್ಸಿ ಕೇಳಿದ್ರೆ ನನ್ ಗಂಡ ಬ್ಯಾರೆ ಮಾತೇ ಆಡ್ತಿದ್ದ ಮೇಷ್ಟ್ರೇ. ಇನ್ನೊಂದ್ ಕಿತ ಕೇಳಾಕಿಲ್ವಾ ಅವ್ರು?”

ನನ್ನ ಒತ್ತಾಯವೂ ಅದೇ. ಮತ್ತೊಮ್ಮೆ ಬನ್ನಿ. ನಂಜಪ್ಪನವರಿಲ್ಲದೆ, ಜಗಲಿಯಿಲ್ಲದೆ, ಹೊಲದ ನಡುವೆ ಅವನನ್ನು ನಿಲ್ಲಿಸಿ ಅದೇ ಪ್ರಶ್ನೆ ಕೇಳಿ. ಅವಳನ್ನೂ ಕೇಳಿ. ತಾವು ಬರುವುದಿಲ್ಲವೆಂದು ನನಗೆ ಗೊತ್ತು; ವಿಚಾರಣೆಯ ನಂತರ ಕಳಿಸಿದ ಎರಡು ಅರ್ಜಿಗಳಿಗೆ ಉತ್ತರವೇ ಬಂದಿಲ್ಲ. ಎತ್ತುಗಳನ್ನು ಅವನು ಆಗಲೇ ಮಾರಿದ್ದಾನೆ.

ಮೊನ್ನೆ ಸೋಮವಾರದಿಂದ ಚಲುವಯ್ಯ ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾನೆ. ತಮ್ಮ ಕಡತದಲ್ಲಿರುವುದು ಈಗ ನಿಜವಾಗಿದೆ.

ಇಂತಿ,
ಮರ್ಯಾದೆ ಕಲಿಸಿ ಹೊಲ ಕಳೆದ
ತಿಮ್ಮಪ್ಪ, ನಿವೃತ್ತ ಉಪಾಧ್ಯಾಯ