ಹಬ್ಬದ ಹೆಣದ ಹೆಬ್ಬೆಟ್ಟು

ಫೆಬ್ರವರಿ 3, ಬೆಳಿಗ್ಗೆ

ಶ್ರೀಮನ್ಮಹಾ ದ್ವಿಚಕ್ರಾಧೀಶ್ವರ, ಬಾರಾಂಕೀಯಾ ಪಟ್ಟಣದ ರಸ್ತೆಗುಂಡಿಗಳ ಗಂಡ, ಟ್ರಾಫಿಕ್ ಪೊಲೀಸರ ಕಣ್ಣಿಗೆ ಬೀಳದ ಮಾಯಾವಿ, ಬೈಕ್ ಟ್ಯಾಕ್ಸಿ ಸಾರ್ವಭೌಮ ದೈರೋ ಪ್ರಭುಗಳ ಪಾದಾರವಿಂದಗಳಿಗೆ ಅದೇ ದೈರೋ ಅಡ್ಡಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ — ಇವತ್ತೂ ಧರ್ಮತಾಯಿ ಬಂದಿದ್ದಳು.

ಎದಿಲ್ಸಾ. ಚರ್ಚಿನಲ್ಲಿ ನನಗೆ ಹೆಸರಿಡುವಾಗ ಎತ್ತಿಕೊಂಡವಳು, ನಮ್ಮ ಮಾತಿನಲ್ಲಿ ಮದ್ರೀನಾ. ಈಗ ಇನ್ಶೂರೆನ್ಸ್ ಏಜೆಂಟ್. ಬೇರೆ ಏಜೆಂಟಾದರೆ ಬಾಗಿಲಲ್ಲೇ ಓಡಿಸಬಹುದು. ಇವಳಿಗೆ ಕುರ್ಚಿ ಹಾಕಬೇಕು, ಕಾಫಿ ಕೊಡಬೇಕು, ಕೆನ್ನೆಗೆ ಮುತ್ತಿಡಬೇಕು.

"ಮಗಾ, ಯಾದಿರಾಗೆ ಏಳು ತಿಂಗ್ಳು. ನಾಳೆ ನೀನು ಬಸ್ಸಿನಡಿ ಹೋದ್ರೆ?"

"ಬಸ್ಸಿಗೇ ಪೆಟ್ಟಾಗತ್ತೆ, ಮದ್ರೀನಾ."

ಯಾದಿರಾ ನಗಲಿಲ್ಲ. ನನ್ನ ಜೋಕಿಗೆ ನಗದ ಹೆಂಡತಿ... ಹೆದರಿದ್ದಾಳೆ.

ಪಾಲಿಸಿ ಬೇಕು, ಅದರಲ್ಲಿ ಜಗಳವಿಲ್ಲ. ನಮ್ಮ ಸ್ಟ್ಯಾಂಡಿನ ಓಬೆದ್ ಸತ್ತ ಮೇಲೆ ನನಗೂ ನೆಮ್ಮದಿಯಿಲ್ಲ. ಅವನಿಗೆ ಪಾಲಿಸಿ ಇತ್ತು. ಹೆಂಡತಿಗೆ ಚಿಕ್ಕಾಸೂ ಬರಲಿಲ್ಲ. ಉದ್ಯೋಗ 'ಅಂಗಡಿ ವ್ಯಾಪಾರ' ಅಂತ ಬರೆಸಿದ್ದ. ಸತ್ತದ್ದು ಬೈಕಿನ ಮೇಲೆ, ಹಿಂದೆ ಗಿರಾಕಿ ಕೂತಿದ್ದಾಗ.

ಧರ್ಮತಾಯಿಯೂ ಅದನ್ನೇ ಬರೆಸು ಅನ್ನುತ್ತಾಳೆ.

"ಬೈಕ್ ಟ್ಯಾಕ್ಸಿ ಅಂದ್ರೆ ನಮ್ ಕಂಪನಿ ಮುಟ್ಟೋದೇ ಇಲ್ಲ. ಅಂಗಡಿ ಅನ್ನು. ಯಾರು ಬಂದು ನೋಡ್ತಾರೆ?"

"ಓಬೆದ್‌ದು ನೋಡಿದ್ರಲ್ಲ."

"ಅದು ಬೇರೆ ಏಜೆಂಟು ಕಣೋ!"

ಫೆಬ್ರವರಿ 8

ಇಸ್ತ್ರಿ ಮಾಡಿದ ಅಂಗಿ. ಎರಡು ಇನ್ಶೂರೆನ್ಸ್ ಆಫೀಸು. ಮೊದಲನೆಯವನು ಮಗು ಹುಟ್ಟಲಿದೆ ಅಂದಾಗ ಪೆನ್ನಿನ ಕ್ಯಾಪ್ ತೆಗೆದ. ಬೈಕ್ ಅಂದಾಗ ಹಾಕಿದ. ಎರಡನೆಯ ಕಡೆ ಒಂದು ಹುಡುಗಿ. ನೇರ ಮಾತು. "ತಗೋತೀವಿ. ಕಂತು ಮಾತ್ರ ಡಬಲ್. ಬದುಕಿದ್ರೆ ಏನೂ ವಾಪಸ್ ಬರಲ್ಲ. ಸತ್ರೆ ಪೂರ್ತಿ ಬರತ್ತೆ, ಬೈಕ್ ಮೇಲೆ ಸತ್ರೂನೂ."

"ಹಬ್ಬದ ವಾರದಲ್ಲಿ ಸತ್ರೆ ಡಿಸ್ಕೌಂಟ್ ಇದೆಯಾ?"

ನಕ್ಕಳು. "ಮನೇಲಿ ಕೂತು ಯೋಚ್ನೆ ಮಾಡಿ ಬನ್ನಿ" ಅಂದಳು. ಇಷ್ಟು ದಿನದಲ್ಲಿ ಈ ಮಾತು ಹೇಳಿದವಳು ಇವಳೊಬ್ಬಳೇ.

ಯೋಚನೆ ಮಾಡಿದೆ. ಆ ಕಂತು ಕಟ್ಟಿದರೆ ಬಾಡಿಗೆ ಕಟ್ಟಲಾಗುವುದಿಲ್ಲ.

ಫೆಬ್ರವರಿ 9

ಧರ್ಮತಾಯಿಯ ಫೋನು, ಮತ್ತೆ ಫೋನು. ಪಾದ್ರಿಯ ದನಿಯಲ್ಲಿ ಎತ್ತಿದೆ — "ದೈರೋ ಪ್ರಭುಗಳು ಮೌನವ್ರತದಲ್ಲಿದ್ದಾರೆ, ತಾಯೀ."

"ಕತ್ತೆ! ಈ ತಿಂಗ್ಳು ಒಂದು ಪಾಲಿಸಿ ಕಮ್ಮಿ ಬಿದ್ರೂ ನನ್ನ ತೆಗೀತಾರೆ ಕಣೋ."

ಪಾದ್ರಿ ಫೋನು ಇಟ್ಟುಬಿಟ್ಟ.

ಫೆಬ್ರವರಿ 20

ಬಸ್ಸು ಮೊಣಕಾಲು ಸವರಿಕೊಂಡು ಹೋಯಿತು. ಗಿರಾಕಿ ಮರಳಿನ ಗುಡ್ಡೆಗೆ ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಬೈಕ್ ತಳ್ಳಿಕೊಂಡೇ ಮನೆಗೆ ಬಂದೆ. ಯಾದಿರಾಗೆ ಹೇಳಲಿಲ್ಲ.

ನಾಳೆ ಕಾರ್ನಿವಲ್ಲಿನ ಕೊನೆಯ ದಿನ. ಹಬ್ಬ ಸತ್ತಿತೆಂದು ಬೀದಿಬೀದಿಯಲ್ಲೂ ಸುಳ್ಳು ಶವಯಾತ್ರೆ; ನಮ್ಮ ಬೀದಿಯ ಹಬ್ಬದ ಹೆಣ ಈ ಸಲವೂ ನಾನೇ. ಶವಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಾರೆ, ಮೀಸೆಯ ಗಂಡಸರು ವಿಧವೆಯರಾಗಿ ಅಳುತ್ತಾರೆ. ನಿಯಮ ಒಂದೇ: ಹೆಣ ಮಿಸುಕಬಾರದು, ಮಾತಾಡಬಾರದು.

ಫೆಬ್ರವರಿ 22, ಬೂದಿ ಬುಧವಾರ

ನಿನ್ನೆ ಸತ್ತೆ. ಚೆನ್ನಾಗಿಯೇ ಸತ್ತೆ.

"ಅಯ್ಯೋ ನನ್ ರಾಜಾ! ಬಾಡಿಗೆ ಕಟ್ಟೋರ್ಯಾರೋ! ಹುಟ್ಟೋ ಕೂಸಿಗೆ ಹಾಲು ತರೋರ್ಯಾರೋ!" — ಮೀಸೆಯ ವಿಧವೆಯರ ಗೋಳು. ಬೀದಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಕಣ್ಣು ಮುಚ್ಚಿಕೊಂಡೇ ಬೆವರು. ಹೋದ ವರ್ಷವೂ ಇದೇ ಗೋಳು ಕೇಳಿದ್ದೆ. ಆಗ ನಗು ತಡೆಯುವುದೇ ಕಷ್ಟವಾಗಿತ್ತು.

ಆಗ ಧರ್ಮತಾಯಿ ಬಂದಳು. ಕಪ್ಪು ಮುಸುಕು, ಕೈಯಲ್ಲಿ ಪಾಲಿಸಿಯ ಫಾರಂ, ಇಂಕ್ ಪ್ಯಾಡು. "ಸತ್ತೋನಿಗೆ ಏನಾದ್ರೂ ತಕರಾರಿದ್ರೆ ಈಗ್ಲೇ ಹೇಳ್ಲಿ!" ಜನ ಸಿಳ್ಳೆ ಹೊಡೆದರು. ಹೆಣ ಮಾತಾಡುವ ಹಾಗಿಲ್ಲ. ಹೆಬ್ಬೆಟ್ಟು ಬಿತ್ತು — ಅಂಗಡಿ ವ್ಯಾಪಾರಿಯದು.

ಇವತ್ತು ಸ್ಟ್ಯಾಂಡಿನಲ್ಲಿ ಅದೇ ಮಾತು. "ಹೆಣದ ಹತ್ರಾನೂ ಒತ್ತಿಸ್ಕೊಂಡ್ಲಲ್ಲೋ, ರಾಕ್ಷಸಿ!" ಬೈಕಿನ ಮೇಲೆ ನಿಂತು ಭಾಷಣ ಮಾಡಿದೆ: ಸತ್ತವರ ಹಕ್ಕುಗಳ ಬಗ್ಗೆ. ಚಪ್ಪಾಳೆ. ಯಾದಿರಾ ಆ ಹೊಟ್ಟೆ ಹೊತ್ತುಕೊಂಡೇ ಧರ್ಮತಾಯಿಯ ಆಫೀಸಿಗೆ ಹೋಗಿ, ಮ್ಯಾನೇಜರ್ ಎದುರಿಗೇ ಕೂಗಾಡಿ, ಫಾರಂ ಹರಿದು ಹಾಕಿಸಿ ಬಂದಳು.

"ಆ ಡಬಲ್ ಕಂತಿನ ಹುಡುಗಿ ಹತ್ರ ನಿಜವಾದ್ದು ಮಾಡ್ಸು. ನಾವು ಅಮ್ಮನ ಮನೆ ಹಿಂದಿನ ರೂಮಿಗೆ ಹೋಗೋಣ. ಬಾಡಿಗೆ ಉಳಿಯತ್ತೆ."

ಫೆಬ್ರವರಿ 25

ಸಹಿ ಹಾಕಿದೆ. ಉದ್ಯೋಗ: ಬೈಕ್ ಟ್ಯಾಕ್ಸಿ. ಸಾಮಾನು ಕಟ್ಟುತ್ತಿದ್ದೇವೆ. ದೈರೋ ಪ್ರಭುಗಳು ಯಾವ ಒತ್ತಡಕ್ಕೂ ಬಗ್ಗಲಿಲ್ಲವೆಂದು ಬೀದಿಯೆಲ್ಲ ಕೊಂಡಾಡುತ್ತಿದೆ.

ಧರ್ಮತಾಯಿಯನ್ನು ಕೆಲಸದಿಂದ ತೆಗೆದರಂತೆ.

ಒಂದು ಮಾತು ಬರೆದುಬಿಡುತ್ತೇನೆ. ಅವತ್ತು ಪೆಟ್ಟಿಗೆಯೊಳಗೆ ಬಗ್ಗಿ, ಕೈ ಹಿಡಿದು, ಕಿವಿಯಲ್ಲಿ ಅಂದಿದ್ದಳು — "ಬೇಡಾಂದ್ರೆ ಬೆರಳು ಮಡಚ್ಕೋ ಮಗಾ. ಯಾರ್ಗೂ ಕಾಣಲ್ಲ."

ಹಿಂದಿನ ದಿನದ ಬಸ್ಸು ಇನ್ನೂ ಮೊಣಕಾಲಲ್ಲೇ ಇತ್ತು. ಸುಳ್ಳೋ ನಿಜವೋ, ಏನೋ ಒಂದು ಇದ್ದರೆ ಸಾಕು ಅನ್ನಿಸಿತ್ತು. ಮಡಚಲಿಲ್ಲ. ಅವಳು ಕೈ ಸಡಿಲ ಬಿಟ್ಟಳು. ಹೆಬ್ಬೆಟ್ಟು ಒತ್ತಿದ್ದು ನಾನೇ.